ಚಾಮುಂಡಿ ಬೆಟ್ಟದಿಂದಲೇ ಧೂಮಕೇತು ಕಾಣುವಾಗ ನೌಕೆ ಏಕೆ ಕಳಿಸಬೇಕು?

ಬೆಟ್ಟದ ಮೇಲಿಂದ ಟೆಲಿಸ್ಕೋಪಿಗೆ ಸಿಗುವುದು ಬಾಲ ಮತ್ತು ತಲೆಯ ಸುತ್ತಲಿನ ಮಬ್ಬು ಅನಿಲ ಮಾತ್ರ; ಕೆಲವೇ ಕಿ.ಮೀ. ಅಗಲದ ನ್ಯೂಕ್ಲಿಯಸ್ (ಧೂಮಕೇತುವಿನ ಗಟ್ಟಿ ತಿರುಳು) ಅದರೊಳಗೆ ಅಡಗಿರುತ್ತದೆ. 1986ರಲ್ಲಿ ಹ್ಯಾಲಿ ಧೂಮಕೇತುವಿನ ಬಳಿ ಹಾದ ಯುರೋಪಿನ ಜಿಯೊಟ್ಟೊ ನೌಕೆ ಆ ತಿರುಳು ಇದ್ದಿಲಿನಷ್ಟು ಕಪ್ಪೆಂದು ತೋರಿಸಿತು.

ಹೆಚ್ಚು ಕಲಿಸಿದ್ದು 67ಪಿ ಎಂಬ ಧೂಮಕೇತುವಿನ ಜೊತೆಗಿದ್ದ ರೊಸೆಟ್ಟಾ ನೌಕೆ (2014–16). 67ಪಿಯ ಸಾಂದ್ರತೆ ನೀರಿನ ಅರ್ಧದಷ್ಟು. ಹಿಮದ ಜೊತೆ ನೀರಿಗಿಂತ ಭಾರದ ದೂಳೂ ಇರುವುದರಿಂದ, ಒಳಗೆ ಸುಮಾರು ಮುಕ್ಕಾಲು ಭಾಗ ಖಾಲಿ ಎಂದಾಯಿತು. ಅದರ ನೀರಾವಿಯಲ್ಲಿ ಅಳೆದ ಡ್ಯುಟೀರಿಯಂ (ಭಾರದ ಹೈಡ್ರೋಜನ್) ಪ್ರಮಾಣ ನಮ್ಮ ಸಾಗರಗಳದ್ದರ ಮೂರು ಪಟ್ಟು. ಹಾಗಾಗಿ ಭೂಮಿಗೆ ನೀರು ಇಂಥವುಗಳಿಂದ ಬಂತೆನ್ನುವ ವಾದ ಸಡಿಲವಾಯಿತು. (2024ರ ಮರುವಿಶ್ಲೇಷಣೆಯ ಪ್ರಕಾರ ಆ ಅಳತೆಯನ್ನು ದೂಳು ಉಬ್ಬಿಸಿತ್ತು, ವಾದ ಮತ್ತೆ ಜೀವಂತ.)

ರೊಸೆಟ್ಟಾ 67ಪಿ ಮೇಲೆ ಇಳಿಸಿದ ಪುಟ್ಟ ನೌಕೆ ಫೀಲೇ ಇಳಿದದ್ದು ಮಾತ್ರ ಎಡವಟ್ಟು: ನೆಲಕ್ಕೆ ನಾಟಬೇಕಿದ್ದ ಹಾರ್ಪೂನ್‌ಗಳು (ಈಟಿಗಳು) ಸಿಡಿಯಲಿಲ್ಲ, ನೆಲಕ್ಕೆ ಒತ್ತಿ ಹಿಡಿಯಬೇಕಿದ್ದ ಅನಿಲ ಜೆಟ್ಟೂ ಕೈಕೊಟ್ಟಿತು. ಗುರುತ್ವ ಅತ್ಯಲ್ಪವಾದ್ದರಿಂದ ಪುಟಿದು, ಸುಮಾರು ಎರಡು ಗಂಟೆ ತೇಲಿ, ಬಂಡೆಯ ನೆರಳಲ್ಲಿ ನಿಂತಿತು. ಸೌರಫಲಕಕ್ಕೆ ಬಿಸಿಲು ಸಾಲದೆ ಎರಡೂವರೆ ದಿನದೊಳಗೆ ಬ್ಯಾಟರಿ ಮುಗಿಯಿತು.