ಓದುಗರ ಪ್ರಶ್ನೆ, ತಜ್ಞರ ಉತ್ತರ: ಹಳೆಯ ರೈಲು ನಿಲ್ದಾಣದಲ್ಲಿ ಹೊಸ ಅಂಗಡಿಯ ಫಲಕ

ಹಳೆಯ ರೈಲು ನಿಲ್ದಾಣಗಳ ನವೀಕರಣದ ಬಗ್ಗೆ, ಮುಖ್ಯವಾಗಿ ಅಲ್ಲಿನ ಅಂಗಡಿಗಳ ನಾಮಫಲಕಗಳ ಬಗ್ಗೆ, ಓದುಗರು ಕಳುಹಿಸಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಪಾರಂಪರಿಕ ಕಟ್ಟಡಗಳ ಸಂರಕ್ಷಣೆಯಲ್ಲಿ ತೊಡಗಿರುವ ವಾಸ್ತುಶಿಲ್ಪಿಯೊಬ್ಬರು ಉತ್ತರಿಸಿದ್ದಾರೆ.

ಪ್ರಶ್ನೆ: ನಾನು ಧಾರವಾಡದವಳು; ಆರು ವರ್ಷಗಳಿಂದ ಲಂಡನ್ನಿನಲ್ಲಿ ಉದ್ಯೋಗದಲ್ಲಿದ್ದೇನೆ. ದಿನವೂ ಸೇಂಟ್ ಪ್ಯಾಂಕ್ರಾಸ್ ನಿಲ್ದಾಣದ ಮೂಲಕ ಓಡಾಡುತ್ತೇನೆ. ಅಲ್ಲಿ ಸಾಲು ಸಾಲು ಅಂಗಡಿಗಳಿದ್ದರೂ ಮೊದಲು ಕಣ್ಣಿಗೆ ಬೀಳುವುದು ಇಟ್ಟಿಗೆಯ ಕಮಾನು, ಆಮೇಲೆ ಅಂಗಡಿ. ಊರಿಗೆ ಬಂದಾಗ ನಮ್ಮ ಕಲ್ಲುಕಟ್ಟಡದ ನಿಲ್ದಾಣಗಳಲ್ಲಿ ಮೊದಲು ಕಾಣುವುದು ಬೋರ್ಡು. ಕಟ್ಟಡವನ್ನು ಅದರ ಹಿಂದೆ ಹುಡುಕಬೇಕು. ಇದಕ್ಕೆಲ್ಲ ಹಣವೊಂದೇ ಕಾರಣವೇ?

ಉತ್ತರ: ಹಣದ ಪಾತ್ರ ಇಲ್ಲವೆನ್ನಲಾಗದು. 2007ರ ನವೆಂಬರಿನಲ್ಲಿ ಮತ್ತೆ ತೆರೆದ ಆ ನಿಲ್ದಾಣದ ನವೀಕರಣಕ್ಕೆ ಸುಮಾರು 80 ಕೋಟಿ ಪೌಂಡುಗಳು ಖರ್ಚಾದವು. ಆದರೆ ನೀವು ಗಮನಿಸಿದ ಸಂಗತಿ, ಅಂದರೆ ಅಂಗಡಿ ಹಿಂದೆ ಸರಿದು ಕಮಾನು ಮುಂದೆ ನಿಂತಿರುವುದು, ಖರ್ಚಿನಿಂದ ಬಂದದ್ದಲ್ಲ, ಅಳತೆಯಿಂದ ಬಂದದ್ದು.

1868ರಲ್ಲಿ ಸಂಚಾರಕ್ಕೆ ತೆರೆದ ಈ ನಿಲ್ದಾಣವನ್ನು ಎಂಜಿನಿಯರ್ ವಿಲಿಯಂ ಬಾರ್ಲೋ ರೂಪಿಸುವಾಗ, ಹಳಿಗಳು ಹತ್ತಿರದ ರೀಜೆಂಟ್ಸ್ ಕಾಲುವೆಯನ್ನು ಮೇಲಿನಿಂದ ದಾಟಿ ಬರುತ್ತಿದ್ದುದರಿಂದ, ಪ್ಲಾಟ್‌ಫಾರ್ಮುಗಳು ಬೀದಿಯ ಮಟ್ಟಕ್ಕಿಂತ ಬಹಳ ಎತ್ತರದಲ್ಲಿ ಉಳಿದವು. ಕೆಳಗಿನ ಜಾಗಕ್ಕೆ ಮಣ್ಣು ತುಂಬುವ ಬದಲು ಬಾರ್ಲೋ ಅಲ್ಲಿ ನೂರಾರು ಎರಕದ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಅವುಗಳ ಮೇಲೆ ಕಬ್ಬಿಣದ ತೊಲೆಗಳನ್ನು ಹಾಸಿ, ದೊಡ್ಡದೊಂದು ನೆಲಮಾಳಿಗೆಯನ್ನೇ ಉಳಿಸಿಕೊಂಡರು. ಬರ್ಟನ್ ಊರಿನಿಂದ ರೈಲಿನಲ್ಲಿ ಬರುತ್ತಿದ್ದ ಬಿಯರ್ ಪೀಪಾಯಿಗಳ ದಾಸ್ತಾನಿಗೆ ಅದನ್ನು ಬಾಡಿಗೆಗೆ ಕೊಡುವ ಯೋಜನೆಯಿತ್ತು. ಹೀಗಾಗಿ ಪೀಪಾಯಿಯ ಉದ್ದವೇ ಆ ಅಂತಸ್ತಿನ ಅಳತೆಗೋಲಾಯಿತು. ಕಂಬದಿಂದ ಕಂಬಕ್ಕೆ 14 ಅಡಿ 8 ಅಂಗುಲ ಎಂದು ನಿಗದಿಯಾಯಿತು. ಮೇಲಿನ ಚಾವಣಿಯ ಕಬ್ಬಿಣದ ಕಮಾನುಗಳು ಸರಿಯಾಗಿ ಇದರ ಎರಡರಷ್ಟು, ಎಂದರೆ 29 ಅಡಿ 4 ಅಂಗುಲ ಅಂತರದಲ್ಲಿ ನಿಂತಿವೆ. 240 ಅಡಿ ಅಗಲಕ್ಕೆ ನಡುವೆ ಒಂದೂ ಕಂಬವಿಲ್ಲದೆ ಹರಡಿರುವ ಆ ಚಾವಣಿಗೂ ನೆಲದಡಿಯ ಪೀಪಾಯಿಗೂ ಒಂದೇ ಲೆಕ್ಕ. ಕಟ್ಟಡಗಳ ಬಗ್ಗೆ ಪಾಠ ಹೇಳುವಾಗಲೆಲ್ಲ ನಾನು ಈ ಉದಾಹರಣೆಯನ್ನು ಪ್ರೀತಿಯಿಂದ ಕೊಡುತ್ತೇನೆ.

ನೀವು ದಿನವೂ ನೋಡುವ ಅಂಗಡಿಗಳಿರುವುದು ಆ ನೆಲಮಾಳಿಗೆಯಲ್ಲೇ. ನವೀಕರಣದವರು ಪ್ಲಾಟ್‌ಫಾರ್ಮಿನ ನೆಲವನ್ನು ಅಲ್ಲಲ್ಲಿ ತೆರೆದು ಹಗಲಿನ ಬೆಳಕನ್ನು ಕೆಳಕ್ಕೆ ಇಳಿಸಿದರು. ಆದರೆ ಕಂಬಗಳ ಲೆಕ್ಕವನ್ನು ಕೆಡಿಸಲಿಲ್ಲ. ಗಾಜಿನ ಮುಂಭಾಗಗಳು ಹಳೆಯ ಕಮಾನುಗಳ ಒಳಗೇ ಕೂರುತ್ತವೆ. ಎರಡು ಕಮಾನುಗಳ ನಡುವಿನ ಇಟ್ಟಿಗೆಯ ಮೇಲೆ ಫಲಕ ಏರುವುದಿಲ್ಲವಾದ್ದರಿಂದ ಅಂಗಡಿಯ ಹೆಸರು ಎಷ್ಟು ದೊಡ್ಡದಿರಬೇಕೆಂಬುದನ್ನು ಕಟ್ಟಡವೇ ತೀರ್ಮಾನಿಸಿದಂತಾಗುತ್ತದೆ.

ಹಾಗೆಂದು ಇದು ಆ ದೇಶದವರಿಗೆ ಹುಟ್ಟಿನಿಂದ ಬಂದ ಗುಣವೆಂದು ಭಾವಿಸಬೇಡಿ. ಪಕ್ಕದಲ್ಲೇ ಇರುವ ಕಿಂಗ್ಸ್ ಕ್ರಾಸ್ ನಿಲ್ದಾಣವನ್ನು ನೋಡಿ. 1852ರಲ್ಲಿ ಲೂಯಿಸ್ ಕ್ಯುಬಿಟ್ ಕಟ್ಟಿದ, ಎರಡು ಭಾರಿ ಕಮಾನುಗಳ ಆ ಸರಳ ಇಟ್ಟಿಗೆಯ ಮುಖದೆದುರು 1972ರಲ್ಲಿ ತಾತ್ಕಾಲಿಕವೆಂದು ಹೇಳಿ ತಗ್ಗಿನ ಚಾವಣಿಯ ಕಟ್ಟಡವೊಂದನ್ನು ಎಬ್ಬಿಸಿ, ಅದರೊಳಗೆ ಟಿಕೆಟ್ ಕೌಂಟರು, ಅಂಗಡಿಗಳನ್ನೆಲ್ಲ ತುಂಬಿಸಿದರು. ಆ ತಾತ್ಕಾಲಿಕ ಕಟ್ಟಡ 40 ವರ್ಷ ಅಲ್ಲಿಯೇ ಇತ್ತು. 2012ರ ಮಾರ್ಚಿನಲ್ಲಿ ಪಶ್ಚಿಮದ ಬದಿಗೆ ಹೊಸ ಪ್ರಾಂಗಣ ತೆರೆದು ಅಂಗಡಿಗಳೂ ಪ್ರಯಾಣಿಕರೂ ಅಲ್ಲಿಗೆ ಸರಿದ ಮೇಲಷ್ಟೇ ಅದನ್ನು ಕೆಡವಲು ಸಾಧ್ಯವಾಯಿತು. 2013ರ ಸೆಪ್ಟೆಂಬರಿನಲ್ಲಿ ಎದುರಿನ ಚೌಕ ತೆರೆದಾಗ ಒಂದಿಡೀ ತಲೆಮಾರು ಆ ಮುಖವನ್ನು ಮೊದಲ ಬಾರಿಗೆ ಪೂರ್ತಿಯಾಗಿ ನೋಡಿತು. ಸೇಂಟ್ ಪ್ಯಾಂಕ್ರಾಸ್ ಕೂಡ 1960ರ ದಶಕದಲ್ಲಿ ನೆಲಸಮವಾಗುವ ಅಂಚಿನಲ್ಲಿತ್ತು. ಕವಿ ಜಾನ್ ಬೆಜಮನ್ ಮೊದಲಾದವರು ಹೋರಾಡಿದ್ದರಿಂದ 1967ರಲ್ಲಿ ಅದಕ್ಕೆ ಅತ್ಯುನ್ನತ ದರ್ಜೆಯ ರಕ್ಷಣೆ ದೊರೆಯಿತು. ಅವರು ತಪ್ಪು ಮಾಡಿದರು, ತಿದ್ದಿಕೊಂಡರು. ನಮಗೂ ಅದು ಸಾಧ್ಯವೆಂದೇ ನಾನು ನಂಬಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರ ಕಾಲದಿಂದ ಹಾಸನ ಜಿಲ್ಲೆಯ ನಿಲ್ದಾಣವೊಂದರಲ್ಲಿ ತಿಂಡಿ, ಪತ್ರಿಕೆಗಳ ಮಳಿಗೆ ನಡೆಸುತ್ತಿದ್ದೇವೆ. ನವೀಕರಣದ ಹೆಸರಿನಲ್ಲಿ ಬೋರ್ಡನ್ನು ಅರ್ಧಕ್ಕೆ ಇಳಿಸಬೇಕೆಂದು ಹೇಳುತ್ತಿದ್ದಾರೆ. ಬೋರ್ಡು ಕಾಣದಿದ್ದರೆ ಗಿರಾಕಿ ಬರುತ್ತಾನೆಯೇ?

ಉತ್ತರ: ನಿಮ್ಮ ಆತಂಕ ನ್ಯಾಯವಾದದ್ದು. ಈ ಮಾತನ್ನು ಮೊದಲು ಹೇಳಬೇಕು, ಏಕೆಂದರೆ ಪರಂಪರೆಯ ಹೆಸರು ಹೇಳಿ ಸಣ್ಣ ವ್ಯಾಪಾರಿಯನ್ನು ಮಾತ್ರ ಹಿಡಿದು, ದೊಡ್ಡ ಕಂಪನಿಯ ಹೊಳೆಯುವ ಪೆಟ್ಟಿಗೆಯನ್ನೂ ಎಟಿಎಂ ಫಲಕವನ್ನೂ ಹಾಗೆಯೇ ಬಿಡುವುದನ್ನು ನಾನು ಕಂಡಿದ್ದೇನೆ. ನಿಯಮ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಅದಕ್ಕೆ ಬೆಲೆ. ಇದನ್ನು ನೀವು ಲಿಖಿತವಾಗಿ ಕೇಳಿರಿ.

ಇನ್ನು ಗಾತ್ರದ ಮಾತು. ರೈಲು ಹಿಡಿಯಲು ಬಂದವನ ಕಣ್ಣು ಪ್ಲಾಟ್‌ಫಾರ್ಮ್ ಸಂಖ್ಯೆಯನ್ನೂ ಹೊತ್ತನ್ನೂ ಹುಡುಕುತ್ತಿರುತ್ತದೆ. ಹತ್ತಡಿ ದೂರದಲ್ಲಿ ನಡೆಯುವವನಿಗೆ ತಲೆಯ ಮೇಲೆತ್ತರದಲ್ಲಿರುವ ಉದ್ದದ ಬೋರ್ಡು ಕಾಣುವುದೇ ಇಲ್ಲ. ಅವನಿಗೆ ಕಾಣುವುದು ಬೆಳಕು ಬಿದ್ದ ತಿಂಡಿಯ ತಟ್ಟೆ, ಜೋಡಿಸಿಟ್ಟ ಪತ್ರಿಕೆಗಳು ಮತ್ತು ನಡೆಯುವ ದಿಕ್ಕಿಗೆ ಅಡ್ಡಲಾಗಿ ಹೊರಚಾಚಿದ ಪುಟ್ಟದೊಂದು ಫಲಕ. ಆದ್ದರಿಂದ ಗೋಡೆಯ ಬೋರ್ಡು ಇಳಿಯುವುದಾದರೆ ಅದಕ್ಕೆ ಬದಲಾಗಿ ಇಂಥದೊಂದು ಅಡ್ಡ ಫಲಕಕ್ಕೂ ಮಳಿಗೆಯೊಳಗೆ ಒಳ್ಳೆಯ ದೀಪಕ್ಕೂ ಅನುಮತಿ ಕೇಳುವುದು ನಿಮಗೆ ಹೆಚ್ಚು ಲಾಭದ ದಾರಿ. ಒಬ್ಬರು ಬೋರ್ಡು ದೊಡ್ಡದು ಮಾಡಿದರೆ ಪಕ್ಕದವರೂ ಮಾಡಲೇಬೇಕಾಗುತ್ತದೆ, ಕೊನೆಗೆ ಯಾರ ಹೆಸರೂ ಯಾರಿಗೂ ಕಾಣುವುದಿಲ್ಲ ಎಂಬುದು ನಿಮ್ಮ ಅನುಭವಕ್ಕೂ ಬಂದಿರಬೇಕು.

ಇನ್ನೊಂದು ಉದಾಹರಣೆ ಹೇಳುತ್ತೇನೆ. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದ ಮುಖ್ಯ ಪ್ರಾಂಗಣದಲ್ಲಿ 1950ರಿಂದ 1990ರವರೆಗೆ ಕೊಡ್ಯಾಕ್ ಕಂಪನಿಯ 18 ಅಡಿ ಎತ್ತರ, 60 ಅಡಿ ಉದ್ದದ ಬೆಳಗುವ ಛಾಯಾಚಿತ್ರ ಜಾಹೀರಾತೊಂದು ಪೂರ್ವದ ಬದಿಯನ್ನೆಲ್ಲ ಆವರಿಸಿತ್ತು. ಅದನ್ನು ಇಳಿಸಿ, ನವೀಕರಣ ಮುಗಿಸಿ 1998ರಲ್ಲಿ ನಿಲ್ದಾಣವನ್ನು ಮರುಸಮರ್ಪಿಸಿದ ಮೇಲೆ ಅಲ್ಲಿನ ಅಂಗಡಿಗಳು ಮುಚ್ಚಿಹೋಗಲಿಲ್ಲ. ಜನ ಆ ಪ್ರಾಂಗಣವನ್ನು ನೋಡುವುದಕ್ಕೆಂದೇ ಬರುತ್ತಾರೆ, ಬಂದವರು ಕಾಫಿ ಕುಡಿದೇ ಹೋಗುತ್ತಾರೆ.

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ಸಿವಿಲ್ ಗುತ್ತಿಗೆದಾರ. ಹಳೆಯ ಕಲ್ಲುಗೋಡೆಗೆ ಫಲಕವನ್ನು ಹೇಗೆ ಕೂರಿಸಬೇಕು?

ಉತ್ತರ: ಸಾಧ್ಯವಾದರೆ ಗೋಡೆಗೆ ಕೂರಿಸಲೇಬೇಡಿ, ನೆಲದ ಮೇಲೆ ನಿಲ್ಲುವ ಚೌಕಟ್ಟನ್ನು ಮಾಡಿ ಅದಕ್ಕೆ ತೂಗುಹಾಕಿ. ಗೋಡೆಯೇ ಬೇಕೆಂದಾದರೆ ಕಲ್ಲಿಗಾಗಲಿ ಇಟ್ಟಿಗೆಗಾಗಲಿ ಡ್ರಿಲ್ ಹಾಕದೆ ಗಾರೆಯ ಸಂದಿನಲ್ಲಿ ಮಾತ್ರ ರಂಧ್ರ ಕೊರೆಯಿರಿ. ಗಾರೆಯನ್ನು ಮತ್ತೆ ತುಂಬಬಹುದು, ಸೀಳಿದ ಕಲ್ಲು ಕೂಡುವುದಿಲ್ಲ. ಮೊಳೆ, ಬೋಲ್ಟುಗಳೆಲ್ಲ ಸ್ಟೇನ್‌ಲೆಸ್ ಸ್ಟೀಲಿನವಾಗಿರಲಿ. ಸಾಮಾನ್ಯ ಕಬ್ಬಿಣ ತುಕ್ಕು ಹಿಡಿದಾಗ ಉಬ್ಬಿ ಒಳಗಿನಿಂದಲೇ ಕಲ್ಲನ್ನು ಒಡೆಯುತ್ತದೆ. ಸುಣ್ಣದ ಗಾರೆಯ ಗೋಡೆಗೆ ಸಿಮೆಂಟು ಮೆತ್ತಬೇಡಿ. ಗೋಡೆಯ ತೇವ ಹೊರಬರಲು ದಾರಿ ಇಲ್ಲದೆ ಕಲ್ಲಿನ ಮೇಲ್ಮೈ ಪದರಪದರವಾಗಿ ಉದುರುತ್ತದೆ. ಇಡೀ ಮುಂಭಾಗವನ್ನು ಎಸಿಪಿ (ಅಲ್ಯೂಮಿನಿಯಂ ಹೊದಿಕೆಯ) ಶೀಟಿನಿಂದ ಮುಚ್ಚುವ ಪದ್ಧತಿಯನ್ನಂತೂ ದಯವಿಟ್ಟು ಕೈಬಿಡಿ, ಏಕೆಂದರೆ ಹಿಂದೆ ನೀರು ಸೋರುತ್ತಿದ್ದರೂ ವರ್ಷಗಟ್ಟಲೆ ಯಾರಿಗೂ ತಿಳಿಯುವುದಿಲ್ಲ.

ಪ್ರಶ್ನೆ: ಪರಂಪರೆಯ ನಿಲ್ದಾಣಕ್ಕೆ ಒಪ್ಪುವ ಸಣ್ಣ, ಏಕರೂಪದ ಫಲಕಗಳೆಂದರೆ ಕೊನೆಗೆ ಕನ್ನಡವನ್ನು ಮೂಲೆಗೆ ತಳ್ಳುವ ನೆಪವಾಗುವುದಿಲ್ಲವೇ? ಅಂಥ ವಿನ್ಯಾಸಗಳಲ್ಲಿ ಇಂಗ್ಲಿಷ್ ಅಂದವಾಗಿರುತ್ತದೆ, ಕನ್ನಡ ಹಿಸುಕಿದಂತಿರುತ್ತದೆ. (ಬೆಂಗಳೂರಿನ ಓದುಗರು)

ಉತ್ತರ: ನೀವು ಹೇಳುವ ದೋಷ ನಿಜ, ಅದಕ್ಕೆ ಕಾರಣ ಫಲಕ ಚಿಕ್ಕದಾಗಿರುವುದಲ್ಲ, ಫಲಕದಲ್ಲಿ ಅಕ್ಷರ ಕೂರುವ ಪಟ್ಟಿಯನ್ನು ಇಂಗ್ಲಿಷಿನ ದೊಡ್ಡಕ್ಷರಗಳಿಗೆ ಅಳೆದು ಮಾಡಿರುವುದು. ಆ ಅಕ್ಷರಗಳೆಲ್ಲ ಒಂದೇ ಎತ್ತರದವು, ಒಂದೇ ಗೆರೆಯ ಮೇಲೆ ಕೂರುತ್ತವೆ. ನಮ್ಮ ಲಿಪಿ ಹಾಗಲ್ಲ. ‘ನಗರ’ ಎಂದು ಬರೆದರೆ ಒಂದು ಸಾಲಿನಲ್ಲಿ ಮುಗಿಯುತ್ತದೆ. ‘ಲಕ್ಷ್ಮಿ ಸ್ಟೋರ್ಸ್’ ಎಂದು ಬರೆದರೆ ಮೇಲೆ ಗುಡಿಸು, ಕೆಳಗೆ ಒತ್ತು, ಆ ಒತ್ತಿನ ಜೊತೆಗೆ ಇನ್ನೊಂದು ಒತ್ತು. ಇಂಗ್ಲಿಷಿಗೆಂದು ಮಾಡಿದ ಪಟ್ಟಿಯಲ್ಲಿ ಇದನ್ನು ಕೂರಿಸಬೇಕಾದಾಗ ಬರೆಯುವವನು ಇಡೀ ಅಕ್ಷರವನ್ನೇ ಕುಗ್ಗಿಸುತ್ತಾನೆ. ಆದ್ದರಿಂದ ಪಟ್ಟಿಯ ಎತ್ತರವನ್ನು ಮೊದಲು ಕನ್ನಡಕ್ಕೆ ಗೊತ್ತುಮಾಡಬೇಕು: ಒಟ್ಟು ಎತ್ತರದ ಸುಮಾರು ಅರ್ಧ ಭಾಗ ಮೂಲಾಕ್ಷರಕ್ಕೆ, ಉಳಿದದ್ದು ಮೇಲಿನ ಗುಣಿತಕ್ಕೂ ಕೆಳಗಿನ ಒತ್ತಿಗೂ. ಇಂಗ್ಲಿಷನ್ನು ಆಮೇಲೆ ಅದರ ಜೊತೆಗೆ ಹೊಂದಿಸಬಹುದು. ಅದು ಸುಲಭದ ಕೆಲಸ.

ಲೋಹದ ಬಿಡಿ ಅಕ್ಷರಗಳನ್ನು ಗೋಡೆಗೆ ಅಂಟಿಸುವ ಈಗಿನ ರೂಢಿ ಕನ್ನಡಕ್ಕೆ ಇನ್ನೊಂದು ತೊಡಕು. ಒತ್ತಕ್ಷರಗಳು ಮೂಲಾಕ್ಷರದಿಂದ ಬಿಡಿಯಾಗಿ ನಿಲ್ಲುವುದರಿಂದ ಪ್ರತಿಯೊಂದಕ್ಕೂ ಬೇರೆ ಮೊಳೆ ಬೇಕು, ಗೋಡೆಗೆ ಅಷ್ಟೇ ಹೆಚ್ಚು ರಂಧ್ರಗಳು. ಕಾಲಕ್ರಮದಲ್ಲಿ ಒಂದು ಒತ್ತು ಬಿದ್ದುಹೋದರೆ ಹೆಸರೇ ಬದಲಾಗುತ್ತದೆ. ಮರದ ಅಥವಾ ತಗಡಿನ ಹಲಗೆಯ ಮೇಲೆ ಬಣ್ಣದಲ್ಲಿ ಬರೆಸುವುದು ನಮ್ಮ ಲಿಪಿಗೂ ಹಳೆಯ ಗೋಡೆಗೂ ಒಪ್ಪುವ ದಾರಿ. ಕೈಬರಹದ ಕಲಾವಿದರು ಇನ್ನೂ ನಮ್ಮ ಊರುಗಳಲ್ಲಿದ್ದಾರೆ. ಅವರಿಗೆ ಈ ಕೆಲಸ ದೊರೆಯಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ರಾಜ್ಯದ ಭಾಷಾ ಕಾಯ್ದೆಗೆ 2024ರಲ್ಲಿ ಬಂದ ತಿದ್ದುಪಡಿ ವ್ಯಾಪಾರದ ನಾಮಫಲಕಗಳಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎನ್ನುತ್ತದೆ. ಇದು ಪ್ರಮಾಣದ ಮಾತೇ ಹೊರತು ಗಾತ್ರದ ಮಾತಲ್ಲ. ಎರಡಡಿಯ ಫಲಕದಲ್ಲೂ ಆ ಪ್ರಮಾಣವನ್ನು ಪಾಲಿಸಬಹುದು. ಚಿಕ್ಕ ಫಲಕಕ್ಕೂ ಕನ್ನಡದ ಗೌರವಕ್ಕೂ ವಿರೋಧವಿದೆಯೆಂದು ಯಾರಾದರೂ ಹೇಳಿದರೆ ಅವರಿಗೆ ನಮ್ಮ ನಿಲ್ದಾಣಗಳ ಹಳದಿ ಫಲಕವನ್ನು ತೋರಿಸಿ: ಹಳದಿಯ ಮೇಲೆ ಕಪ್ಪು ಅಕ್ಷರ, ಮೊದಲು ಕನ್ನಡ, ಬಳಿಕ ಹಿಂದಿ, ಬಳಿಕ ಇಂಗ್ಲಿಷ್, ಜೊತೆಗೆ ಸಮುದ್ರಮಟ್ಟದಿಂದ ಊರಿನ ಎತ್ತರ. ಅಲಂಕಾರವಿಲ್ಲದ ಆ ಫಲಕವನ್ನು ಓಡುವ ಗಾಡಿಯ ಕಿಟಕಿಯಿಂದಲೂ ಓದಲು ಬರುತ್ತದೆ. ಅಂಗಡಿಯ ಫಲಕಗಳಿಗೆ ಮಾದರಿ ಹುಡುಕುವವರು ದೂರ ಹೋಗಬೇಕಾಗಿಲ್ಲ.

ಪ್ರಶ್ನೆ: ನಮ್ಮೂರಿನ ನಿಲ್ದಾಣದಲ್ಲಿ ಫ್ಲೆಕ್ಸ್ ತೆಗೆದಾಗ ಗೋಡೆಯ ಮೇಲೆ ಹಳೆಯ ಬಣ್ಣದ ಅಕ್ಷರಗಳು ಮಸುಕಾಗಿ ಕಂಡವು. ಮತ್ತೆ ಬಣ್ಣ ತುಂಬಿಸೋಣವೇ, ಅಳಿಸೋಣವೇ? (ಶಿವಮೊಗ್ಗ ಜಿಲ್ಲೆಯ ಓದುಗರು)

ಉತ್ತರ: ಎರಡೂ ಬೇಡ. ಮೊದಲು ಹಗಲಿನ ಓರೆ ಬೆಳಕಿನಲ್ಲಿ ಪಕ್ಕದಲ್ಲಿ ಅಳತೆಪಟ್ಟಿಯಿಟ್ಟು ಛಾಯಾಚಿತ್ರ ತೆಗೆಯಿರಿ. ಪಾರದರ್ಶಕ ಹಾಳೆಯ ಮೇಲೆ ಅಕ್ಷರಗಳ ಅಂಚನ್ನು ಪಡಿಯಚ್ಚಿಳಿಸಿಕೊಳ್ಳಿ. ಹಳೆಯ ಬಣ್ಣದ ಮೇಲೆ ಹೊಸ ಬಣ್ಣ ಬಿದ್ದರೆ ಮೂಲ ಬರಹಗಾರನ ಕೈ ಹೋಗಿ ನಮ್ಮ ಊಹೆ ಮಾತ್ರ ಉಳಿಯುತ್ತದೆ. ಹೊಸ ಫಲಕ ಬೇಕಾದರೆ ಆ ಅಕ್ಷರಗಳ ರೂಪವನ್ನು ಅನುಸರಿಸಿ ಬೇರೆ ಹಲಗೆಯ ಮೇಲೆ ಬರೆಸಿ, ಹಳೆಯದು ಕಾಣುವಂತೆ ಪಕ್ಕಕ್ಕೆ ತೂಗುಹಾಕಿ.

ತೆಗೆದ ತುಂಡುಗಳನ್ನು ಎಸೆಯಬಾರದೆಂದು ನಾನು ಒತ್ತಿ ಹೇಳುವುದಕ್ಕೆ ಸೇಂಟ್ ಪ್ಯಾಂಕ್ರಾಸಿನ ದೊಡ್ಡ ಗಡಿಯಾರವೇ ಕಾರಣ. 1970ರ ದಶಕದಲ್ಲಿ ಅದನ್ನು ಕೆಳಗಿಳಿಸುವಾಗ ಬಿದ್ದು ಚೂರಾಯಿತು. ರೈಲ್ವೆ ನೌಕರರೊಬ್ಬರು 25 ಪೌಂಡು ಕೊಟ್ಟು ಆ ಚೂರುಗಳನ್ನು ಕೊಂಡೊಯ್ದು ತಮ್ಮ ಹಳ್ಳಿಯ ಕೊಟ್ಟಿಗೆಯ ಗೋಡೆಯ ಮೇಲೆ ತಾಳ್ಮೆಯಿಂದ ಜೋಡಿಸಿದರು. ನವೀಕರಣದ ಸಮಯದಲ್ಲಿ ಡೆಂಟ್ ಕಂಪನಿಯವರು ಹೊಸ ಗಡಿಯಾರವನ್ನು ತಯಾರಿಸಲು ಮಾದರಿಯಾದದ್ದು ಕೊಟ್ಟಿಗೆಯ ಮೇಲಿನ ಆ ಗಡಿಯಾರ. ನಿಮ್ಮಲ್ಲೂ ಹಳೆಯ ಹಲಗೆ, ಎನಾಮಲ್ ತಗಡು, ಎರಕದ ಅಕ್ಷರ ಏನೇ ಸಿಕ್ಕಿದರೂ ಗುಜರಿಗೆ ಹೋಗುವ ಮೊದಲು ಎಲ್ಲಿಂದ, ಯಾವ ದಿನ ತೆಗೆದದ್ದೆಂದು ಚೀಟಿ ಬರೆದು ಕಟ್ಟಿ, ನಿಲ್ದಾಣದಲ್ಲೇ ಒಂದು ಒಣಗಿದ ಕೋಣೆಯಲ್ಲಿ ಇರಿಸುವಂತೆ ಸ್ಟೇಷನ್ ಮಾಸ್ಟರರನ್ನು ಕೇಳಿಕೊಳ್ಳಿ.