ಭಾಷೆ ಬಾರದೆ ಸ್ಟುಟ್‌ಗಾರ್ಟ್‌ಗೆ ಹೋದರೆ ಹೊಂದಿಕೊಳ್ಳಲು ಎಷ್ಟು ದಿನ ಬೇಕು?

ನಿಮ್ಮ ಪ್ರಶ್ನೆ ಓದುತ್ತಿದ್ದ ಹಾಗೆ 2018ರ ನವೆಂಬರ್ ಕಣ್ಣಮುಂದೆ ಬಂತು. ಗಂಡನ ಕೆಲಸದ ಮೇಲೆ ಮೂರು ವರ್ಷದ ಮಗಳನ್ನು ಕರೆದುಕೊಂಡು ಹೊರಟಿದ್ದೀರಿ. ಜರ್ಮನ್ ಒಂದಕ್ಷರ ಬರುವುದಿಲ್ಲ. ಬೆಂಗಳೂರಿನ ಕೆಲಸ ಬಿಟ್ಟು ಅಲ್ಲಿ ನಾಲ್ಕು ಗೋಡೆ ನಡುವೆ ಕೂತುಬಿಡುತ್ತೇನೇನೋ ಅನ್ನುವ ಭಯ. ಊರು ನಮ್ಮದು ಅನ್ನಿಸಲು ಎಷ್ಟು ದಿನ ಬೇಕು ಅಂತ ಕೇಳಿದ್ದೀರಿ. ನಾನು ಶಿವಮೊಗ್ಗದವಳು, ಹೀಗೇ ಗಂಡನ ಹಿಂದೆ ಇಲ್ಲಿಗೆ ಬಂದವಳು. ನನಗೆ ಹಿಡಿದದ್ದು ಒಂದು ವರ್ಷ ಮೂರು ತಿಂಗಳು. ಲೆಕ್ಕ ಇಷ್ಟು ನಿಖರವಾಗಿ ಹೇಗೆ ಗೊತ್ತು ಅನ್ನುವುದು ಮುಂದೆ ಬರುತ್ತದೆ.

ಕಾಗದಪತ್ರದ ವಿಷಯಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮನೆಗೆ ಹೋದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅನ್‌ಮೆಲ್ಡುಂಗ್ ಅಂತಾರೆ. ಅದಕ್ಕೆ ಮನೆ ಮಾಲೀಕರು ಸಹಿ ಹಾಕಿದ ಪತ್ರ ಬೇಕು. ಆಮೇಲೆ ತೆರಿಗೆ ನಂಬರ್ ಅಂಚೆಯಲ್ಲಿ ಬರುತ್ತದೆ. ಇಷ್ಟನ್ನು ನಿಮ್ಮವರ ಕಂಪನಿಯೇ ಹೇಳಿಕೊಡುತ್ತದೆ. ಆದರೆ ನಮಗೆ ಯಾರೂ ಹೇಳದೇ ಹೋದ ಒಂದು ವಿಷಯವಿದೆ, ಅದು ಪತ್ರದ ಡಬ್ಬಿ. ಇಲ್ಲಿ ವಿಳಾಸದಲ್ಲಿ ಕಟ್ಟಡದ ನಂಬರ್ ಇರುತ್ತದೆಯೇ ಹೊರತು ಸಾಮಾನ್ಯವಾಗಿ ಫ್ಲ್ಯಾಟಿನ ನಂಬರ್ ಇರುವುದಿಲ್ಲ. ಅಂಚೆಯವರು ಡಬ್ಬಿ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ನಾವು ಅಂಟಿಸಿದ್ದು ನಮ್ಮವರ ಹೆಸರೊಂದೇ. ನನ್ನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಇರುವುದು ಅಪ್ಪನ ಹೆಸರು, ನಮ್ಮ ಕಡೆ ಎಷ್ಟೋ ಜನರಿಗೆ ಇರುವ ಹಾಗೆ. ನನ್ನ ಬ್ಯಾಂಕ್ ಕಾರ್ಡ್, ಮುಖ್ಯವಾದ ಇನ್ನೆರಡು ಪತ್ರ, ಎಲ್ಲ ಬಂದ ದಾರಿಯಲ್ಲೇ ವಾಪಸ್ ಹೋದವು. ಒಂದು ತಿಂಗಳು ಕಾದು ಕಾದು ಸಾಕಾಯಿತು. ಕೀ ಕೈಗೆ ಬಂದ ದಿನವೇ ಡಬ್ಬಿಗೂ ಕಾಲಿಂಗ್ ಬೆಲ್ಲಿಗೂ ಎರಡೂ ಹೆಸರು ಹಾಕಿ. ಮಗಳ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರು ಬೇರೆ ಇದ್ದರೆ ಅದನ್ನೂ ಹಾಕಿ.

ಇನ್ನು ಚಳಿಗಾಲ. ಚಳಿಗೆ ಜಾಕೆಟ್ ಇದೆ, ಕಷ್ಟ ಕೊಡುವುದು ಕತ್ತಲೆ. ಡಿಸೆಂಬರ್‌ನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ, ಬೆಳಿಗ್ಗೆ ಎಂಟಾದರೂ ಹುಟ್ಟಿರುವುದಿಲ್ಲ. ಚಳಿಗಾಲದಲ್ಲಿ ನಮ್ಮೂರು ಇಲ್ಲಿಗಿಂತ ನಾಲ್ಕೂವರೆ ಗಂಟೆ ಮುಂದೆ. ಅಂದರೆ ಇಲ್ಲಿ ಕತ್ತಲಾಗುವ ಹೊತ್ತಿಗೆ ಅಮ್ಮ ಊಟ ಮುಗಿಸಿ ಅಡುಗೆಮನೆ ಒರೆಸುತ್ತಿರುತ್ತಾಳೆ. ಆ ಮೊದಲ ಚಳಿಗಾಲ ದಿನಾ ಆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ಅವಳು ಮಲಗಲು ಹೋಗುವವರೆಗೂ ಫೋನ್ ಕೆಳಗಿಡುತ್ತಿರಲಿಲ್ಲ. ಅವಳು ಮಲಗಿದ ಮೇಲೆ ಮನೆಯಲ್ಲಿ ಆಗುತ್ತಿದ್ದ ಮೌನವನ್ನು ನಾನು ಇನ್ನೂ ಮರೆತಿಲ್ಲ. ಫೋನ್ ಮಾಡಬೇಡಿ ಅನ್ನುತ್ತಿಲ್ಲ. ಅದಕ್ಕೆ ಮುಂಚೆ, ಬೆಳಕಿರುವಾಗ, ಮಳೆ ಬರಲಿ ಹಿಮ ಬೀಳಲಿ, ಮಗಳ ಕೈ ಹಿಡಿದು ಒಂದು ಸುತ್ತು ಹೊರಗೆ ಹೋಗಿ ಬನ್ನಿ. ಆರು ವರ್ಷದೊಳಗಿನ ಮಕ್ಕಳಿಗೆ ಬಸ್ಸು, ಟ್ರಾಮಿನಲ್ಲಿ ಟಿಕೆಟ್ ಇಲ್ಲ. ಮೈಲೆಂಡರ್ ಪ್ಲಾಟ್ಸ್ ಹತ್ತಿರ 2011ರಲ್ಲಿ ತೆರೆದ ನಗರ ಗ್ರಂಥಾಲಯವಿದೆ. ಒಳಗೆಲ್ಲ ಹಾಲುಬಿಳುಪು, ಮಕ್ಕಳಿಗೆ ಬೇರೆಯೇ ವಿಭಾಗ, ಎಷ್ಟು ಹೊತ್ತು ಕೂತರೂ ಯಾರೂ ಏಳಿ ಅನ್ನುವುದಿಲ್ಲ. ನಾನು ಮೊದಲ ನೂರು ಜರ್ಮನ್ ಪದ ಕಲಿತದ್ದು ಅಲ್ಲಿನ ಅಂಗನವಾಡಿ ವಯಸ್ಸಿನ ಮಕ್ಕಳ ಚಿತ್ರಪುಸ್ತಕಗಳಿಂದ.

ಈಗ ನಾನು ನಿಜವಾಗಿ ಹೇಳಬೇಕಾದದ್ದು. ಊರು ನಮ್ಮದಾಗುವುದು ನಾವಿರುವ ಕಟ್ಟಡದ ಮೆಟ್ಟಿಲಿನಿಂದ, ಅದೂ ಸ್ಟುಟ್‌ಗಾರ್ಟ್‌ನಲ್ಲಿ ಅಕ್ಷರಶಃ.

ಬಂದ ನಾಲ್ಕನೇ ವಾರ ನಮ್ಮ ಬಾಗಿಲ ಹಿಡಿಕೆಗೆ ಒಂದು ಸಣ್ಣ ಫಲಕ ನೇತುಬಿದ್ದಿತ್ತು. ಕೇರ್‌ವೊಖೆ ಅಂತ ಬರೆದಿತ್ತು. ಫೋನಿನಲ್ಲಿ ನೋಡಿದರೆ ‘ಗುಡಿಸುವ ವಾರ’ ಅಂತ ಬಂತು. ಯಾರೋ ಗುಡಿಸಲು ಬರುತ್ತಾರೆ ಅಂದುಕೊಂಡು ಸುಮ್ಮನಾದೆವು. ಶನಿವಾರ ಸಂಜೆ ಬೆಲ್ ಆಯಿತು. ಕೆಳಗಿನ ಮನೆಯ ಅಜ್ಜಿ, ಎಪ್ಪತ್ತು ದಾಟಿದವರು, ಕೈಯಲ್ಲಿ ಪೊರಕೆ ಹಿಡಿದು ನಿಂತಿದ್ದರು. ಅವರು ಮಾತಾಡಿದ್ದು ಶ್ವಾಬಿಶ್, ಈ ಸೀಮೆಯ ಆಡುಮಾತು. ನನಗೆ ಒಂದು ಪದವೂ ತಿಳಿಯಲಿಲ್ಲ. ಅವರು ಗದರಲಿಲ್ಲ. ನಮ್ಮ ಬಾಗಿಲಿಂದ ಕೆಳಗಿನ ಮಹಡಿವರೆಗೆ ಬೆರಳು ತೋರಿಸಿದರು. ಮೆಟ್ಟಿಲು, ಕೈಹಿಡಿ ಕಂಬಿ, ಕಿಟಕಿಯ ದಂಡೆ. ಆಮೇಲೆ ನನ್ನನ್ನು ತೋರಿಸಿದರು. ಪ್ರತಿ ವಾರ ಒಂದೊಂದು ಮನೆಯವರ ಸರದಿ, ಆ ಫಲಕ ಬಂದರೆ ನಿಮ್ಮ ಪಾಳಿ. ಬಾಡಿಗೆ ಕರಾರಿನಲ್ಲೂ ಬರೆದಿತ್ತು, ನಾವು ಅಷ್ಟು ದೂರ ಓದಿರಲಿಲ್ಲ.

ನಾನು ಒಳಗಿಂದ ಬಕೆಟ್, ಬಟ್ಟೆ ತಂದು, ಅಮ್ಮ ಹಜಾರ ಒರೆಸುವ ಹಾಗೆ ಕುಕ್ಕರಗಾಲಲ್ಲಿ ಕೂತು ಒಂದೊಂದೇ ಮೆಟ್ಟಿಲು ಒರೆಸುತ್ತಾ ಇಳಿದೆ. ಅವರು ನೋಡುತ್ತಲೇ ಇದ್ದರು. ನಾಲ್ಕು ಮೆಟ್ಟಿಲು ಆಗುವಷ್ಟರಲ್ಲಿ ಮನೆಗೆ ಹೋಗಿ ಉದ್ದ ಕೋಲಿನ ಮಾಪ್ ತಂದು ಕೊಟ್ಟರು, ಮಂಡಿ ಮುಟ್ಟಿ ಸನ್ನೆ ಮಾಡಿದರು, ನೋವು ಬರುತ್ತೆ ಅಂತ. ದೇಶ ಬಿಟ್ಟು ಬಂದ ಮೇಲೆ ಮನೆಯವರನ್ನು ಬಿಟ್ಟು ಬೇರೆ ಯಾರೋ ನನ್ನ ಮೈ ನೋವಿನ ಬಗ್ಗೆ ಯೋಚಿಸಿದ್ದು ಅದೇ ಮೊದಲು. ಒಳಗೆ ಬಂದು ಅತ್ತುಬಿಟ್ಟೆ.

ಕ್ರಿಸ್‌ಮಸ್‌ಗೆ ಮುಂಚೆ ಅವರು ಒಂದು ತಟ್ಟೆ ಗುಟ್ಸ್‌ಲೆ ತಂದರು, ಇಲ್ಲಿಯವರು ಹಬ್ಬಕ್ಕೆ ಮನೆಯಲ್ಲಿ ಸುಡುವ ಬಿಸ್ಕತ್ತು. ಖಾಲಿ ತಟ್ಟೆ ವಾಪಸ್ ಕೊಡಬಾರದಲ್ಲ, ಅಮ್ಮ ಕಟ್ಟಿಕೊಟ್ಟಿದ್ದ ಕೋಡುಬಳೆ ಹಾಕಿ ಕೊಟ್ಟೆ. ಮರುದಿನ ಬಂದು ಅದರ ಹೆಸರು ಕೇಳಿ ಚೀಟಿಯಲ್ಲಿ ಬರೆದುಕೊಂಡರು. ‘ಳೆ’ ಹೇಳಿಸಲು ಹತ್ತು ನಿಮಿಷ ಬೇಕಾಯಿತು. ಇಲ್ಲಿಯವರಿಗೆ ಯಾವ ಮಾತಿನ ಕೊನೆಗೂ ‘ಲೆ’ ಸೇರಿಸುವ ಪ್ರೀತಿ ಇದೆ, ಹಾಗಾಗಿ ನಮ್ಮ ಕೋಡುಬಳೆ ಅವರ ಬಾಯಲ್ಲಿ ಶ್ವಾಬಿಶ್ ತಿಂಡಿಯ ಹಾಗೇ ಕೇಳಿಸುತ್ತಿತ್ತು.

ಭಾಷೆಯ ಬಗ್ಗೆ ಧೈರ್ಯವಾಗಿರಿ. ಜರ್ಮನ್‌ನಲ್ಲಿ ‘ಝೀ’ ಅಂದರೆ ನೀವು, ‘ಡು’ ಅಂದರೆ ನೀನು. ಇಂಗ್ಲಿಷ್ ಮಾತ್ರ ಗೊತ್ತಿರುವವರು ಇದಕ್ಕೆ ತಡವರಿಸುತ್ತಾರೆ, ನಮಗೆ ಹುಟ್ಟಿನಿಂದ ಗೊತ್ತು. ಒಂದೇ ವ್ಯತ್ಯಾಸ: ನಮ್ಮಲ್ಲಿ ಹಿರಿಯರು ಕಿರಿಯರನ್ನು ಮೊದಲ ದಿನವೇ ನೀನು ಅನ್ನುತ್ತಾರೆ, ಇಲ್ಲಿ ದೊಡ್ಡವರಾದ ಮೇಲೆ ಎರಡೂ ಕಡೆಯಿಂದ ನೀವು. ಹಿರಿಯರು ತಾವಾಗಿ ‘ನೀನು ಅನ್ನೋಣವೇ’ ಅಂತ ಕೇಳುವವರೆಗೂ ಹಾಗೇ ನಡೆಯುತ್ತದೆ. ಕ್ಲಾಸಿಗೆ ಫೋಕ್ಸ್‌ಹೋಖ್‌ಶೂಲೆ ಅಂತಾರಲ್ಲ, ವಯಸ್ಕರ ಶಿಕ್ಷಣದ ಕೇಂದ್ರ, ಅಲ್ಲಿ ಸೇರಿ. ಕ್ಲಾಸಿನ ಜರ್ಮನ್ನಿಗೂ ಮೆಟ್ಟಿಲ ಮೇಲಿನ ಮಾತಿಗೂ ನಮ್ಮ ಪಠ್ಯಪುಸ್ತಕದ ಕನ್ನಡಕ್ಕೂ ಹುಬ್ಬಳ್ಳಿ ಮಾತಿಗೂ ಇರುವಷ್ಟು ದೂರವಿದೆ. ಎರಡೂ ಬೇಕು. ನಿಮ್ಮವರು ಬ್ಲೂ ಕಾರ್ಡ್, ಅಂದರೆ ಹೆಚ್ಚು ಓದಿದ ನೌಕರರಿಗೆ ಕೊಡುವ ಪರವಾನಗಿ, ಅದರ ಮೇಲೆ ಬರುವುದಾದರೆ ನಿಮಗೂ ಕೆಲಸ ಮಾಡುವ ಹಕ್ಕು ಇರುತ್ತದೆ, ಆದ್ದರಿಂದ ಈ ಕಲಿಕೆಯನ್ನು ಹೊತ್ತು ಕಳೆಯುವ ಹವ್ಯಾಸ ಅಂತ ನೋಡಬೇಡಿ. ಅದು ನಿಮ್ಮ ಮುಂದಿನ ನೌಕರಿ.

ಕನ್ನಡದವರು ಸಿಗುತ್ತಾರಾ ಅಂತಲೂ ಕೇಳಿದ್ದೀರಿ. ಧಾರಾಳವಾಗಿ. ಬಾಷ್‌ನ ಪ್ರಧಾನ ಕಚೇರಿ ಇಲ್ಲೇ ಪಕ್ಕದ ಗೇರ್ಲಿಂಗನ್‌ನಲ್ಲಿ, ಹಾಗಾಗಿ ಬೆಂಗಳೂರಿನ ಆಡುಗೋಡಿಯ ಬಾಷ್ ಕಚೇರಿಯಿಂದ ಬಂದವರು ಎಲ್ಲಿ ಹೋದರೂ ಎದುರಾಗುತ್ತಾರೆ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರಿ, ಮಗಳಿಗೆ ಕನ್ನಡ ಉಳಿಯಬೇಕಾದರೆ ಆ ನಂಟು ಬೇಕೇ ಬೇಕು. ಆದರೆ ವಾರದ ಏಳೂ ದಿನ ನಮ್ಮವರ ನಡುವೆಯೇ ಇದ್ದು, ಐದು ವರ್ಷವಾದರೂ ಪಕ್ಕದ ಮನೆಯವರ ಮುಖ ಗೊತ್ತಿಲ್ಲದವರನ್ನೂ ನೋಡಿದ್ದೇನೆ. ಅವರ ಒಂಟಿತನ ಕಡಿಮೆಯಾದದ್ದನ್ನು ಕಾಣೆ. ಒಂದು ಭಾನುವಾರ ಟ್ಯೂಬಿಂಗನ್‌ಗೆ ಹೋಗಿ ಬನ್ನಿ, ರೈಲಿನಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ. 1894ರಲ್ಲಿ ಕನ್ನಡ–ಇಂಗ್ಲಿಷ್ ನಿಘಂಟು ಕೊಟ್ಟ ಕಿಟೆಲ್ 1903ರಲ್ಲಿ ತೀರಿಕೊಂಡದ್ದು ಆ ಊರಿನಲ್ಲಿ. ಮಂಗಳೂರು ಸಮಾಚಾರ ತಂದ ಮೋಗ್ಲಿಂಗ್ ಕೊನೆಯುಸಿರೆಳೆದದ್ದು ಸ್ಟುಟ್‌ಗಾರ್ಟ್ ಪಕ್ಕದ ಎಸ್ಲಿಂಗನ್‌ನಲ್ಲಿ. ಇಬ್ಬರೂ ಜರ್ಮನ್ ಪಾದ್ರಿಗಳು, ಕನ್ನಡದ ಗಂಧವೇ ಇಲ್ಲದೆ ನಮ್ಮ ನೆಲಕ್ಕೆ ಇಳಿದು, ಜನರ ಬಾಯಿಂದ ಪದ ಹೆಕ್ಕಿದವರು. ಟ್ಯೂಬಿಂಗನ್‌ನ ನದಿ ದಂಡೆಯಲ್ಲಿ ಕೂತಾಗ ನನಗೆ ಈ ಸೀಮೆ ಅಷ್ಟು ಪರಕೀಯ ಅನ್ನಿಸಲಿಲ್ಲ.

ಅಡುಗೆಯದು ಎರಡೇ ಮಾತು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ತರಕಾರಿ ತಂದಿಡಿ. ಭಾನುವಾರ ಸದ್ದು ಮಾಡುವ ಹಾಗಿಲ್ಲವಾದ್ದರಿಂದ ಮಿಕ್ಸಿಯನ್ನೂ ಶನಿವಾರವೇ ತಿರುಗಿಸಿಬಿಡಿ. ದೋಸೆ ಹಿಟ್ಟು ಚಳಿಗೆ ಹುದುಗು ಬರುವುದಿಲ್ಲ, ಓವನ್ ಹಚ್ಚದೆ ಒಳಗಿನ ದೀಪ ಮಾತ್ರ ಹಾಕಿ ರಾತ್ರಿಯಿಡೀ ಅದರಲ್ಲಿಡಿ, ಉಬ್ಬಿ ಬರುತ್ತದೆ.

ಆ ಒಂದು ವರ್ಷ ಮೂರು ತಿಂಗಳ ಲೆಕ್ಕ: 2020ರ ಫೆಬ್ರವರಿಯಲ್ಲಿ ಅಜ್ಜಿ ಮಂಡಿ ಆಪರೇಷನ್‌ಗೆ ಆಸ್ಪತ್ರೆ ಸೇರಬೇಕಿತ್ತು. ಹೋಗುವ ಹಿಂದಿನ ದಿನ ಮೇಲೆ ಬಂದು ತಮ್ಮ ಮನೆಯ ಕೀ ನನ್ನ ಕೈಗಿಟ್ಟರು, ಗಿಡಗಳಿಗೆ ನೀರು ಹಾಕಲು. ಹಾಗೇ ಮೊದಲ ಸಲ ‘ಡು’ ಅಂದರು. ಅವರ ಪಾಳಿ ಬಂದ ವಾರ ನಾನೇ ಫಲಕ ತಂದು ನಮ್ಮ ಬಾಗಿಲಿಗೆ ಹಾಕಿಕೊಂಡು ಎರಡೂ ಮಹಡಿ ಗುಡಿಸಿದೆ. ಬ್ರೆಡ್ ಅಂಗಡಿಗೆ ಹೋದಾಗ ಅಲ್ಲಿಯವಳು ಅಜ್ಜಿ ಹೇಗಿದ್ದಾರೆ ಅಂತ ನನ್ನನ್ನು ಕೇಳಿದಳು. ನಾನು ಜರ್ಮನ್‌ನಲ್ಲಿ ಉತ್ತರ ಕೊಟ್ಟು, ಬ್ರೆಡ್ ತೆಗೆದುಕೊಂಡು ಮನೆಗೆ ಬಂದೆ. ಅರ್ಧ ದಾರಿಗೆ ಬಂದಾಗ ಗೊತ್ತಾಯಿತು, ಮಾತಾಡುವ ಮುಂಚೆ ವಾಕ್ಯವನ್ನು ಮನಸ್ಸಿನಲ್ಲಿ ಜೋಡಿಸಿಕೊಂಡಿರಲಿಲ್ಲ.

ಇನ್ನೊಂದು ಮಾತು, ಮಗಳ ಕಿತಾ, ಅಂದರೆ ಶಿಶುವಿಹಾರ. ಒಂದು ವರ್ಷ ತುಂಬಿದ ಮಗುವಿಗೆ ಜಾಗ ಸಿಗಬೇಕು ಅಂತ ಕಾನೂನಿದೆ, ಆದರೂ ಕಾಯುವ ಪಟ್ಟಿ ಉದ್ದ. ವಿಳಾಸ ನೋಂದಾಯಿಸಿದ ವಾರವೇ ಅರ್ಜಿ ಹಾಕಿ, ಹತ್ತಿರದ ಕಿತಾಗಳಿಗೆ ಮಗಳನ್ನು ಕರೆದುಕೊಂಡು ಹೋಗಿ ಒಮ್ಮೆ ಮುಖ ತೋರಿಸಿ ಬನ್ನಿ.