ಒಂದೇ ಆಲ್ಬಂ, ಒಂದು ಗಂಟೆಯ ಮಿಕ್ಸ್‌ಟೇಪ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಅಮೆರಿಕದ ಗಾಯಕಿ ಲಾರಿನ್ ಹಿಲ್ ಅವರ ಗೌರವಕ್ಕೆ ಗೆಳೆಯರೆಲ್ಲ ಸೇರಿ ಒಂದು ಗಂಟೆಯ ಮಿಕ್ಸ್‌ಟೇಪ್ (ಆಯ್ದ ಹಾಡುಗಳ ಜೋಡಣೆ) ಮಾಡುತ್ತಿದ್ದೇವೆ. ಅವರ ಸ್ಟುಡಿಯೋ ಆಲ್ಬಂ ಇರುವುದೇ ಒಂದು. ಅದರ ಹಾಡುಗಳನ್ನೇ ಜೋಡಿಸಿದರೆ ಆಲ್ಬಂ ಕೇಳಿದಂತಾಗುತ್ತದೆ ಅಷ್ಟೆ. ಬೇರೆ ದಾರಿ ಇದೆಯೇ?
– ಓದುಗರು, ಕೋಡಿಬಾಗ, ಕಾರವಾರ

ಉತ್ತರ: ಸ್ವಂತ ಹೆಸರಿನಲ್ಲಿ ಸ್ಟುಡಿಯೋ ಆಲ್ಬಂ ಒಂದೇ, ನಿಜ. 1998ರ ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’. ಆದರೆ ಅದಕ್ಕೂ ಮೊದಲು ಫ್ಯೂಜೀಸ್ ತಂಡದ ‘ದಿ ಸ್ಕೋರ್’ (1996) ಇದೆ, ಆಮೇಲೆ ಗಿಟಾರ್ ಹಿಡಿದು ಒಬ್ಬರೇ ಹಾಡಿದ ಎಂಟಿವಿ ಅನ್‌ಪ್ಲಗ್ಡ್ (2002) ಇದೆ. ರ‍್ಯಾಪರ್ ನಾಸ್ ಅವರ ‘ಇಫ್ ಐ ರೂಲ್ಡ್ ದ ವರ್ಲ್ಡ್’ ಹಾಡಿನ ಪಲ್ಲವಿ ಇವರದೇ ದನಿ. ಅರೀಥಾ ಫ್ರಾಂಕ್ಲಿನ್ ಅವರ ‘ಎ ರೋಸ್ ಈಸ್ ಸ್ಟಿಲ್ ಎ ರೋಸ್’ (1998) ಬರೆದು ನಿರ್ಮಿಸಿದ್ದೂ ಇವರೇ. ಒಂದು ಗಂಟೆಗೆ ಸರಕು ಬೇಕಾದಷ್ಟಿದೆ.

ವರ್ಷದ ಕ್ರಮ ಬಿಟ್ಟುಬಿಡಿ. ಯಾವ ಹಾಡು ಯಾವುದರಿಂದ ಹುಟ್ಟಿತು ಎಂಬ ಎಳೆ ಹಿಡಿದು ಹೋಗಿ. ‘ಮಿಸ್‌ಎಜುಕೇಶನ್’ನ ‘ಎಕ್ಸ್-ಫ್ಯಾಕ್ಟರ್’ ಹಾಡನ್ನೇ ನೋಡಿ. ಗ್ಲಾಡಿಸ್ ನೈಟ್ 1970ರ ದಶಕದಲ್ಲಿ ಹಾಡಿದ ‘ದ ವೇ ವಿ ವರ್’ನ ತುಣುಕನ್ನು ಹಿಪ್-ಹಾಪ್ ತಂಡ ವೂ-ಟ್ಯಾಂಗ್ ಕ್ಲ್ಯಾನ್ 1993ರಲ್ಲಿ ‘ಕ್ಯಾನ್ ಇಟ್ ಬಿ ಆಲ್ ಸೋ ಸಿಂಪಲ್’ಗೆ ಎತ್ತಿಕೊಂಡಿತು. ಆ ಹಾಡಿನಿಂದ ‘ಎಕ್ಸ್-ಫ್ಯಾಕ್ಟರ್’ ಬಂತು. 2018ರಲ್ಲಿ ಡ್ರೇಕ್ (‘ನೈಸ್ ಫಾರ್ ವಾಟ್’) ಮತ್ತು ಕಾರ್ಡಿ ಬಿ (‘ಬಿ ಕೇರ್‌ಫುಲ್’) ಇಬ್ಬರೂ ‘ಎಕ್ಸ್-ಫ್ಯಾಕ್ಟರ್’ಗೇ ಕೈಹಾಕಿದರು. ಮೊದಲೆರಡರಿಂದ ಇಪ್ಪತ್ತಿಪ್ಪತ್ತು ಸೆಕೆಂಡ್, ‘ಎಕ್ಸ್-ಫ್ಯಾಕ್ಟರ್’ ಪೂರ್ತಿ, ಕೊನೆಗೆ ಡ್ರೇಕ್ ಒಂದು ನಿಮಿಷ ಹಾಕಿ. ಸೋಲ್ (ಕಪ್ಪು ಅಮೆರಿಕನ್ನರ ಭಾವಗಾಯನ ಶೈಲಿ) ಹಿಪ್-ಹಾಪ್ ಆಗಿ, ಮತ್ತೆ ಸೋಲ್ ಆಗಿ, ತಿರುಗಿ ಹಿಪ್-ಹಾಪ್‌ಗೆ ಬಂದದ್ದು ಯಾರೂ ಬಾಯಿಬಿಟ್ಟು ಹೇಳದೆಯೇ ಕಿವಿಗೆ ಗೊತ್ತಾಗುತ್ತದೆ. ಡ್ರೇಕ್ ಅದೇ ದನಿಯನ್ನು ವೇಗ ಹೆಚ್ಚಿಸಿ ಬಳಸಿರುವುದರಿಂದ ಅಲ್ಲಿ ತಾಳ ಹೊಂದಿಸಲು ಒದ್ದಾಡಬೇಡಿ, ನೇರ ಕತ್ತರಿಸಿ ಹಾಕಿ.

‘ಮಿಸ್‌ಎಜುಕೇಶನ್’ನ ಕೆಲವು ಹಾಡುಗಳ ಬಾಲಕ್ಕೆ ತರಗತಿಯ ಮಾತುಕತೆ ಅಂಟಿಕೊಂಡಿದೆ. ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ಕತ್ತರಿಸಿ. ಎಲ್ಲವನ್ನೂ ಹಾಗೆಯೇ ಉಳಿಸಿಕೊಂಡರೆ ಮಿಕ್ಸ್ ನಾಲ್ಕು ಸಲ ನಿಂತು ಹೊರಡುತ್ತದೆ.

ಪ್ರಶ್ನೆ: ಅಡಾಸಿಟಿಯಲ್ಲಿ (ದನಿ ಕತ್ತರಿಸಿ ಜೋಡಿಸುವ ಕಂಪ್ಯೂಟರ್ ತಂತ್ರಾಂಶ) ಹಾಡು ಜೋಡಿಸಿದೆ. ಹೊಸ ಹಾಡು ಬಂದಾಗ ಸದ್ದು ಏಕಾಏಕಿ ಜೋರಾಗುತ್ತದೆ, ಸೇರುವ ಜಾಗದಲ್ಲಿ ಚರಚರ ಎನ್ನುತ್ತದೆ, ತಾಳವೂ ತಪ್ಪುತ್ತದೆ.
– ಓದುಗರು, ಕುಮಟಾ

ಉತ್ತರ: ಮೂರಕ್ಕೂ ಕಾರಣ ಬೇರೆ ಬೇರೆ. 1990ರ ದಶಕದ ಹಾಡುಗಳಿಗಿಂತ ಈಗಿನವನ್ನು ಜೋರಾಗಿ ಮಾಸ್ಟರ್ ಮಾಡಿರುತ್ತಾರೆ. ಆದ್ದರಿಂದ ಜೋಡಿಸುವ ಮೊದಲೇ ಪ್ರತಿ ಹಾಡಿಗೂ ಬೇರೆಬೇರೆಯಾಗಿ ಲೌಡ್‌ನೆಸ್ ನಾರ್ಮಲೈಸೇಶನ್ (ಸದ್ದು ಸಮ ಮಾಡುವ ಸೌಲಭ್ಯ) ಕೊಟ್ಟು ಮೈನಸ್ 16 ಎಲ್‌ಯುಎಫ್‌ಎಸ್‌ಗೆ (ಕಿವಿಗೆ ಕೇಳುವ ಜೋರಿನ ಅಳತೆ) ತನ್ನಿ. ಇನ್ನು ಚರಚರ. ಎರಡು ಹಾಡು ಒಂದರ ಮೇಲೊಂದು ಕುಳಿತಾಗ ಮಟ್ಟ 6 ಡೆಸಿಬೆಲ್‌ವರೆಗೂ ಏರಬಹುದು, ಸೊನ್ನೆ ದಾಟಿತೆಂದರೆ ದನಿ ಒಡೆಯುತ್ತದೆ. ಎಲ್ಲ ಟ್ರ್ಯಾಕ್‌ಗಳನ್ನೂ 6 ಡೆಸಿಬೆಲ್ ಇಳಿಸಿ ಮಿಕ್ಸ್ ಮಾಡಿ, ಕೊನೆಯಲ್ಲಿ ಒಟ್ಟಿಗೆ ಏರಿಸಿ. ಹೊರಡುವ ಹಾಡಿನ 150 ಹರ್ಟ್ಸ್ ಕೆಳಗಿನ ಬೇಸ್ ತೆಗೆದುಬಿಟ್ಟರೆ ಗೊಜಗೊಜ ಅನ್ನಿಸುವುದಿಲ್ಲ.

ತಾಳದ ವಿಷಯ ತುಸು ಸೂಕ್ಷ್ಮ. ನಿಮಿಷಕ್ಕೆ 90 ಬಡಿತದ ಹಾಡಿನಲ್ಲಿ 8 ಬಾರ್ ಎಂದರೆ 32 ಬಡಿತ, ಸುಮಾರು 21 ಸೆಕೆಂಡ್. ಎರಡು ಹಾಡುಗಳ ನಡುವೆ ನಿಮಿಷಕ್ಕೆ ಬರೀ ಅರ್ಧ ಬಡಿತದ ವ್ಯತ್ಯಾಸವಿದ್ದರೂ ಅಷ್ಟರಲ್ಲಿ 0.12 ಸೆಕೆಂಡ್ ಜಾರಿರುತ್ತದೆ. ಡ್ರಮ್ ಎರಡೆರಡು ಸಲ ಹೊಡೆದಂತೆ ಕೇಳುತ್ತದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಲೆಕ್ಕ ಇಲ್ಲಿ ಸಾಲದು, ಪೂರ್ತಿ ನಿಮಿಷ ಎಣಿಸಿ. ವೇಗ ಹೊಂದಿಸಲು ‘ಚೇಂಜ್ ಟೆಂಪೋ’ ಬಳಸಿ, ‘ಚೇಂಜ್ ಸ್ಪೀಡ್’ ಬೇಡ. ಎರಡನೆಯದರಲ್ಲಿ ಶ್ರುತಿಯೂ ಬದಲಾಗುತ್ತದೆ, ಶೇ. 6ಕ್ಕೆ ಹೆಚ್ಚುಕಡಿಮೆ ಅರ್ಧ ಸ್ವರ. ಟೆಂಪೋ ಕೂಡ ಶೇ. 4 ದಾಟಿದರೆ ಲಾರಿನ್ ಅವರ ಎಳೆದು ಹಾಡುವ ಸ್ವರಗಳು ನಡುಗತೊಡಗುತ್ತವೆ. ಅನ್‌ಪ್ಲಗ್ಡ್ ಹಾಡುಗಳಿಗೆ ಈ ಗೊಡವೆಯೇ ಬೇಡ. ಅವರ ಗಿಟಾರ್ ಮನಸ್ಸಿಗೆ ಬಂದ ಲಯದಲ್ಲಿ ಹೋಗುತ್ತದೆ, ಚಪ್ಪಾಳೆಯ ಮೇಲೆ ಮುಂದಿನ ಹಾಡು ಎತ್ತಿ.

ಪ್ರಶ್ನೆ: ಇಂಥ ಮಿಕ್ಸನ್ನು ಕ್ಯಾಸೆಟ್‌ಗೆ ರೆಕಾರ್ಡ್ ಮಾಡುವ ಆಸೆ. ಮಾಡಿ ನೋಡಿದರೆ ದನಿ ಮಂಕು. ಮಳೆಗಾಲದಲ್ಲಿ ಟೇಪಿಗೆ ಬೂಷ್ಟು ಬೇರೆ.
– ಓದುಗರು, ಶಿರಸಿ

ಉತ್ತರ: ಮೊದಲು ಡೆಕ್‌ನ ಹೆಡ್ (ಟೇಪು ತಾಗಿ ಹೋಗುವ ಲೋಹದ ಭಾಗ) ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿ ಸಾಕು. ಕಂದು ಬಣ್ಣ ಬರುವುದು ನಿಲ್ಲುವವರೆಗೆ ಒರೆಸಿ. ಅದಾದ ಮೇಲೂ ಮಂಕಾಗಿದ್ದರೆ ಡಾಲ್ಬಿ (ಟೇಪಿನ ಹಿಸ್ ಸದ್ದು ಕಡಿಮೆ ಮಾಡುವ ವ್ಯವಸ್ಥೆ) ಗುಂಡಿ ನೋಡಿ. ಡಾಲ್ಬಿ ಇಲ್ಲದೆ ರೆಕಾರ್ಡ್ ಮಾಡಿದ್ದನ್ನು ಡಾಲ್ಬಿ ಹಾಕಿ ಕೇಳಿದರೆ ಮೇಲಿನ ಸ್ವರಗಳು ಸತ್ತೇ ಹೋಗುತ್ತವೆ. ಸಿ-60 ಕೊಳ್ಳಿ. ಬದಿಗೆ 30 ನಿಮಿಷ ಎಂದಿದ್ದರೂ ಮಿಕ್ಸನ್ನು 29ಕ್ಕೆ ನಿಲ್ಲಿಸಿ, ಆರಂಭದ ಬಣ್ಣದ ಪಟ್ಟಿಯ ಮೇಲೆ ಏನೂ ದಾಖಲಾಗುವುದಿಲ್ಲ. ಸಿ-120 ಟೇಪು ತೀರ ತೆಳು, ಯಂತ್ರಕ್ಕೆ ಸುತ್ತಿಕೊಳ್ಳುವುದೇ ಹೆಚ್ಚು. ರೆಕಾರ್ಡ್ ಮಾಡುವ ಮೊದಲು ಒಮ್ಮೆ ಪೂರ್ತಿ ಮುಂದೆ ಓಡಿಸಿ, ಪೂರ್ತಿ ಹಿಂದಕ್ಕೆ ಸುತ್ತಿ.

ಬೂಷ್ಟು ಹಿಡಿದ ಟೇಪನ್ನು ಒಳ್ಳೆಯ ಡೆಕ್‌ಗೆ ಹಾಕಲೇಬೇಡಿ, ಹೆಡ್ ಮೂಲಕ ಉಳಿದ ಕ್ಯಾಸೆಟ್‌ಗಳಿಗೂ ದಾಟುತ್ತದೆ. ಜೂನ್‌ಗೆ ಮೊದಲೇ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಗೋಡೆಗೆ ತಾಗಿಸಿದ ಕಪಾಟು ಮಲೆನಾಡಿನಲ್ಲಿ ಕ್ಯಾಸೆಟ್ ಇಡುವ ಜಾಗವಲ್ಲ.

ಪ್ರಶ್ನೆ: ಕಾರ್ಯಕ್ರಮಕ್ಕೆ ಬಾಡಿಗೆ ಸೌಂಡ್ ತರಿಸಿ ಫೋನಿನಿಂದ ಮಿಕ್ಸ್ ಹಾಕಿದೆವು. ವಾದ್ಯ ಕೇಳುತ್ತಿತ್ತು, ಹಾಡುವ ದನಿಯೇ ಮಾಯ!
– ಓದುಗರು, ಹೊನ್ನಾವರ

ಉತ್ತರ: ಫೋನಿನ ಸ್ಟೀರಿಯೋ ವೈರನ್ನು ಮಿಕ್ಸರ್‌ನ ಒಂದೇ ಬ್ಯಾಲೆನ್ಸ್ಡ್ ಇನ್‌ಪುಟ್‌ಗೆ ಚುಚ್ಚಿದ್ದೀರಿ. ಆ ಇನ್‌ಪುಟ್ ಎಡದಿಂದ ಬಲವನ್ನು ಕಳೆಯುತ್ತದೆ. ದನಿ ಎರಡರಲ್ಲೂ ಸಮನಾಗಿರುವುದರಿಂದ ಅಳಿಸಿಹೋಗುತ್ತದೆ, ಬೇಸ್ ಕೂಡ. ಒಂದು ತುದಿಗೆ ಫೋನಿನ ಪಿನ್, ಇನ್ನೊಂದು ತುದಿಗೆ ಎರಡು ಮೊನೊ ಪಿನ್ ಇರುವ ವೈರ್ ತಂದು ಎರಡು ಚಾನಲ್‌ಗೆ ಕೊಡಿ. ತೆರೆದ ಜಾಗದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ, ಮಿಕ್ಸ್ ಒಂಬತ್ತಕ್ಕೆ ಮುಂಚೆಯೇ ಶುರುವಾಗಲಿ.